ಏಳನೇ ನಂಬರಿನ ಪೆಟ್ಟಿಗೆ

ಹೆಬ್ಬೆರಳಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕೋಳಿಮರಿ ಮಾಡುವ ಹ್ಯಾಚರಿಯ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ನೆನಪಿಟ್ಟುಕೊಂಡವರು ಯಾರೂ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷ ಅವಳು ಒಂದೇ ಸ್ಟೂಲಿನ ಮೇಲೆ, ಒಂದೇ ದೀಪದ ಕೆಳಗೆ ಕುಳಿತು, ಹುಟ್ಟಿ ಒಂದು ದಿನ ತುಂಬದ ಕೋಳಿಮರಿಗಳನ್ನು ಎಡಗೈಯಲ್ಲಿ ಹಿಡಿದು, ಹಿಂಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಅರಳಿಸಿ ನೋಡುತ್ತ ಬಂದಿದ್ದಳು. ಒಳಗೆ ಸಾಸಿವೆಗಿಂತ ಸಣ್ಣ ಗುಂಡು ಕಂಡರೆ ಗಂಡು, ಕಾಣದಿದ್ದರೆ ಹೆಣ್ಣು. ಗಂಡು ಎಡದ ಪೆಟ್ಟಿಗೆಗೆ, ಹೆಣ್ಣು ಬಲದ ಪೆಟ್ಟಿಗೆಗೆ. ಗಂಟೆಗೆ ಎಂಟುನೂರು ಮರಿ. ನೂರಕ್ಕೆ ಒಂದು ತಪ್ಪಿದರೆ ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ನೋಡುವವರಿಗೆ ಇದು ಹೊಲಸು ಕೆಲಸ, ಮಾಡುವವರಿಗೆ ವಿದ್ಯೆ. ಮೊಟ್ಟೆ ವ್ಯಾಪಾರದವನಿಗೆ ಹೆಣ್ಣು ಮರಿ ಮಾತ್ರ ಬೇಕು, ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾನೆ. ಗಂಡು ಮರಿಗೆ ಕೇಳುವವರಿಲ್ಲ, ಮಾಂಸಕ್ಕೆ ಸಾಕುವವರು ಯಾರಾದರೂ ಬಂದರೆ ಚಿಲ್ಲರೆ ಕಾಸಿಗೆ ಪೆಟ್ಟಿಗೆಗಟ್ಟಲೆ ಎತ್ತಿಕೊಂಡು ಹೋಗುತ್ತಾರೆ. ಹಳದಿ ಉಣ್ಣೆಯ ಉಂಡೆಗಳಂತಿರುವ ಎರಡು ಮರಿಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಅವುಗಳ ತಾಯಿಗೂ ಗೊತ್ತಾಗುವುದಿಲ್ಲ. ಆರೇಳು ವಾರ ಕಳೆದು ತಲೆಯ ಮೇಲೆ ಜುಟ್ಟು ಕೆಂಪಾಗಿ ಎದ್ದಾಗಲೇ ಗುಟ್ಟು ರಟ್ಟಾಗುವುದು. ಅಲ್ಲಿಯವರೆಗೆ ಹ್ಯಾಚರಿ ಹೇಳಿದ್ದೇ ವೇದ, ಹ್ಯಾಚರಿಗೆ ಹೆಬ್ಬೆರಳಮ್ಮ ಹೇಳಿದ್ದೇ ವೇದ.

ಇಂಥ ಕಡೆಗೆ ಹೊಸ ತಳಿ ಬಂತು.

ಹೊಸ ತಳಿಯ ಮರಿಗಳಿಗೆ ಹಿಂಭಾಗ ನೋಡುವ ಗೊಡವೆಯೇ ಇಲ್ಲವಂತೆ. ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ನೋಡಿದರೆ ಸಾಕಂತೆ. ಕೆಳಗಿನ ಸಾಲಿನ ಗರಿ ಮೇಲಿನದಕ್ಕಿಂತ ಉದ್ದ ಇದ್ದರೆ ಹೆಣ್ಣು, ಎರಡೂ ಸಮ ಇದ್ದರೆ ಗಂಡು. ತಳಿಯ ಕಂಪನಿಯಿಂದ ಒಬ್ಬ ಬಂದು ಎರಡು ದಿನ ಪಾಠ ಮಾಡಿದ. ಹೆಬ್ಬೆರಳಮ್ಮ ಮೊದಲ ದಿನ ಹತ್ತು ನಿಮಿಷ ಕೂತು, ಮೂಗು ಮುರಿದು, ಚಹಾ ಕುಡಿಯಲು ಎದ್ದುಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎರಡನೇ ದಿನದ ಹೊತ್ತಿಗೆ ಪಾಠ ಕಲಿತು ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಅವಳ ಸ್ವಂತ ಸೊಸೆ.

ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿದ್ದು ಅವಳೇ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಕೂತು ಬೇಸರವಾಗುತ್ತದೆ ಎಂದಿದ್ದಳು ಹುಡುಗಿ. ಆರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬೆರಳಿನ ವಿದ್ಯೆ ಧಾರೆ ಎರೆದರೆ ತಾನು ಸತ್ತ ಮೇಲೂ ಸ್ಟೂಲು ಮನೆಯಲ್ಲೇ ಉಳಿಯುತ್ತದೆ ಎಂಬುದು ಅತ್ತೆಯ ಲೆಕ್ಕಾಚಾರ. ಎರಡು ದಿನದಲ್ಲಿ ಕಲಿಯಬಹುದಾದದ್ದನ್ನು ಬಿಟ್ಟು ಆರು ತಿಂಗಳು ಒದ್ದಾಡುವ ಹುಚ್ಚು ಯಾರಿಗಿದೆ? ಹುಡುಗಿ ರೆಕ್ಕೆ ಮೇಜಿಗೆ ಹೋದಳು. ಅವಳಿಗೆ ಏಳನೇ ನಂಬರು ಸಿಕ್ಕಿತು. ಪೆಟ್ಟಿಗೆಯ ಮೇಲೆ ವಿಂಗಡಿಸಿದವರ ನಂಬರಿನ ಚೀಟಿ ಅಂಟಿಸುವುದು ಅಲ್ಲಿನ ಪದ್ಧತಿ, ನಾಳೆ ದೂರು ಬಂದರೆ ಯಾರ ಕೈಯದು ಎಂದು ತಿಳಿಯಲು.

ಹಳೆಯ ತಳಿ ವಾರಕ್ಕೆ ಎರಡೇ ದಿನ ಎಂದಾಯಿತು. ಉಳಿದ ದಿನ ಒಂದನೇ ನಂಬರಿನ ಹೆಬ್ಬೆರಳಮ್ಮ ಮಿಕ್ಕವರ ಪೆಟ್ಟಿಗೆಗಳಿಗೆ ಹಗ್ಗ ಕಟ್ಟಿ, ಬೆಳಗಿನ ವ್ಯಾನಿಗೆ ಸಾಲಾಗಿ ಜೋಡಿಸಿಡಬೇಕು. "ನೀವು ಹಿರಿಯರು, ಕಟ್ಟೋ ಜವಾಬ್ದಾರಿ ನಿಮ್ಮದೇ ಇರ್ಲಿ ಅಮ್ಮಾ" ಎಂದರು ಮ್ಯಾನೇಜರು. ಹಿರಿಯರು ಅನ್ನುವುದು ಮೂಲೆಗೆ ಕೂರಿಸುವಾಗ ಹೇಳುವ ಮಾತು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೊಟ್ಟೆ ಉರಿಯಿತು. ಹಗ್ಗದ ಉಂಡೆ ಎತ್ತಿಕೊಂಡಳು.

ಅನುಮಾನ ಶುರುವಾದದ್ದು ಮೊದಲ ವಾರವೇ. ಸಂಜೆ ಐದೂವರೆಗೆ ಎಲ್ಲರೂ ಕೈತೊಳೆದು ಹೊರಟಮೇಲೆ ಅವಳು ಹಗ್ಗ ಕಟ್ಟುತ್ತ ಏಳನೇ ನಂಬರಿನ ಹೆಣ್ಣು ಪೆಟ್ಟಿಗೆಯ ಮುಂದೆ ನಿಂತಳು. ನಿಂತವಳು ಸುಮ್ಮನೆ ಕಟ್ಟಿ ಹೋಗಬಹುದಿತ್ತು. ಬೆರಳು ತುರಿಸಿತು. ಒಂದು ಮರಿ ಎತ್ತಿ ತನ್ನ ದೀಪದ ಕೆಳಗೆ ಒಯ್ದು ಅರಳಿಸಿದಳು. ಗುಂಡು! ಇನ್ನೊಂದು ಎತ್ತಿದಳು, ಇಲ್ಲ. ಮತ್ತೊಂದು, ಇಲ್ಲ. ಅದರ ಮುಂದಿನದು, ಗುಂಡು! ನೂರು ಮರಿಗಳ ಪೆಟ್ಟಿಗೆಯಲ್ಲಿ ಹನ್ನೆರಡು ಗಂಡು ಸಿಕ್ಕವು. ರೆಕ್ಕೆ ವಿದ್ಯೆಯಂತೆ ರೆಕ್ಕೆ ವಿದ್ಯೆ! ಅವಳಿಗೆ ನಗು ಬಂತು. ಸತ್ಯ ಹೇಳಬೇಕೆಂದರೆ ಬಹಳ ದಿನಗಳ ಮೇಲೆ ಬಂದ ಸುಖದ ನಗು ಅದು. ಹನ್ನೆರಡನ್ನೂ ಎತ್ತಿ ಗಂಡಿನ ಪೆಟ್ಟಿಗೆಗೆ ಹಾಕಿ, ಗಂಡಿನ ಪೆಟ್ಟಿಗೆಯಿಂದ ಗುಂಡು ಕಾಣದ ಹನ್ನೆರಡನ್ನು ಆರಿಸಿ ಇತ್ತ ಹಾಕಿ, ಹಗ್ಗ ಬಿಗಿದು ಮನೆಗೆ ಹೋದಳು.

ಅಷ್ಟಕ್ಕೇ ಇದ್ದಿದ್ದರೆ ಸೊಸೆಗೆ ಕೆಲಸ ಬರುವುದಿಲ್ಲ ಎಂದು ಮಾತ್ರ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸೊಸೆಯ ಅಣ್ಣ ನಿಂತಿದ್ದ. ಊರಾಚೆ ಅವನದೊಂದು ಶೆಡ್ಡು, ಮಾಂಸಕ್ಕೆ ಹುಂಜ ಸಾಕುತ್ತಾನೆ ಎಂಬುದು ಮದುವೆಯ ಮಾತುಕತೆಯಲ್ಲೇ ತಿಳಿದ ವಿಷಯ. ಹಿಂದಿನ ದಿನದ ಗಂಡು ಪೆಟ್ಟಿಗೆಗಳನ್ನು ಮೂರುಗಾಲಿ ಗಾಡಿಗೆ ಹೇರಿಸುತ್ತಿದ್ದ. ಎಲ್ಲ ಏಳನೇ ನಂಬರಿನವು.

"ಬೇರೆ ನಂಬರಿನ ಗಂಡು ಇರ್ಲಿಲ್ವೇನಪ್ಪಾ?" ಎಂದಳು ಹೆಬ್ಬೆರಳಮ್ಮ, ಏನೂ ಅರಿಯದವಳಂತೆ.

"ತಂಗಿ ಕೈಯಿಂದ ಬಂದಿದ್ದು ಚೆನ್ನಾಗಿ ಬೆಳೀಲಿ ಅಂತ ಅಮ್ಮಾ" ಎಂದು ಹಲ್ಲು ಕಿರಿದ ಅವನು.

ಅವಳ ತಲೆಯೊಳಗೆ ಒಂದಕ್ಕೊಂದು ಕೂಡಿಕೊಂಡಿತು. ಹೆಣ್ಣಿನ ಪೆಟ್ಟಿಗೆಗೆ ಗಂಡು ತುಂಬಿದರೆ, ಮಿಕ್ಕ ಹೆಣ್ಣು ಎಲ್ಲಿಗೆ ಹೋಯಿತು? ಗಂಡಿನ ಪೆಟ್ಟಿಗೆಗೆ. ಗಂಡಿನ ಪೆಟ್ಟಿಗೆ ಎಲ್ಲಿಗೆ? ಅಣ್ಣನ ಶೆಡ್ಡಿಗೆ. ಚಿಲ್ಲರೆ ಕಾಸಿಗೆ ಕೊಂಡ ಮರಿ ಮೊಟ್ಟೆ ಇಟ್ಟರೆ ಬೇಡ ಅನ್ನುವವರು ಯಾರು? ಆರು ವಾರ ಯಾರಿಗೂ ಕಾಣದ ಕಳ್ಳತನ. ಬೀಗ ಒಡೆಯಬೇಕಿಲ್ಲ, ಗೋಡೆ ಹಾರಬೇಕಿಲ್ಲ, ಎಡಕ್ಕೆ ಹಾಕುವುದನ್ನು ಬಲಕ್ಕೆ ಹಾಕಿದರಾಯಿತು. ಎರಡು ದಿನದಲ್ಲಿ ವಿದ್ಯೆ ಕಲಿತ ಹುಡುಗಿಯ ಜಾಣತನ ಎಲ್ಲಿಂದ ಬಂತೆಂದು ಈಗ ಅರ್ಥವಾಯಿತು ಎಂದುಕೊಂಡಳು.

ಅಲ್ಲಿಂದ ಮನೆಯಲ್ಲಿ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯೇ. ಸೊಸೆ ಫೋನಿನಲ್ಲಿ ಅಣ್ಣನ ಹತ್ತಿರ ಮೆಲ್ಲಗೆ ಮಾತಾಡಿದರೆ ಸಂಚು, ಜೋರಾಗಿ ಮಾತಾಡಿದರೆ ಕೇಳಿಸಲೆಂದು ಆಡುವ ನಾಟಕ. ತವರಿನಿಂದ ಹೊಸ ಕುಕ್ಕರು ಬಂತು, ಅದಕ್ಕೆ ದುಡ್ಡು ಎಲ್ಲಿಂದ? ಒಂದು ಭಾನುವಾರ ಅಣ್ಣ ಮೂವತ್ತು ಮೊಟ್ಟೆಯ ಒಂದು ಟ್ರೇ ಕಳಿಸಿದ.

"ಹುಂಜ ಸಾಕೋರ ಮನೇಲಿ ಮೊಟ್ಟೆ ಎಲ್ಲಿಂದ ಬಂತೇ? ಹುಂಜ ಇಟ್ವಾ?" ಎಂದಳು ಅತ್ತೆ.

"ಪಕ್ಕದ ಶೆಡ್ಡಿನವರು ಕೊಟ್ರಂತೆ ಅತ್ತೆ" ಎಂದು ಸೊಸೆ ನಕ್ಕಳು.

ಕೋಳಿ ಮೊಟ್ಟೆಗೆ ಬರಲು ಐದು ತಿಂಗಳು ಬೇಕು, ಹೊಸ ತಳಿ ಬಂದೇ ಒಂದು ತಿಂಗಳಾಗಿದೆ ಎಂಬುದು ಹೆಬ್ಬೆರಳಮ್ಮನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ಆದರೂ ಅವಳು ಆ ಮೊಟ್ಟೆ ಮುಟ್ಟಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಕಾಮಾಲೆಯವನಿಗಾದರೂ ಯಾರಾದರೂ ಹೇಳಿದರೆ ಔಷಧಿ ಕುಡಿಯುತ್ತಾನೆ. ಇವಳು ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿದ್ದಳು.

ಗೇಟಿನಲ್ಲಿ ಅಣ್ಣನನ್ನು ಕಂಡ ದಿನವೇ ಮ್ಯಾನೇಜರಿಗೆ ಹೇಳಬಹುದಿತ್ತು. ಹೇಳಿದರೆ ಅತ್ತೆ ಸೊಸೆ ಜಗಳ ಎಂದು ನಕ್ಕುಬಿಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಸಾಕ್ಷಿ ಬೇಕು. ಹ್ಯಾಚರಿಯಲ್ಲಿ ತಾಯಿಕೋಳಿಗಳ ಸಾಲಿಗೆ ಇಟ್ಟುಕೊಳ್ಳುವ ಮರಿಗಳನ್ನು ಗುರುತಿಸಲು ಒಂದು ಪುಟ್ಟ ಇಕ್ಕಳ ಇತ್ತು. ಕಾಲ್ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಅದರಿಂದ ಒಂದು ಸಣ್ಣ ತೂತು ಹಾಕಿದರೆ ಕೋಳಿ ಎಷ್ಟು ದೊಡ್ಡದಾದರೂ ಆ ಗುರುತು ಮಾಸುವುದಿಲ್ಲ. ಆ ಸಂಜೆಯಿಂದಲೇ ಅವಳು ದಿನಾ ಸೊಸೆಯ ಹೆಣ್ಣು ಪೆಟ್ಟಿಗೆಯಿಂದ ಗಂಡು ಎಂದು ಹಿಡಿದ ಪ್ರತಿ ಮರಿಯ ಬಲಗಾಲಿಗೆ ಒಂದು ತೂತು ಹಾಕಿ ಗಂಡಿನ ಪೆಟ್ಟಿಗೆಗೆ ದಾಟಿಸಿ, ಲೆಕ್ಕ ತಪ್ಪದಂತೆ ಗುಂಡು ಕಾಣದ ಅಷ್ಟೇ ಮರಿಗಳನ್ನು ಇತ್ತ ತರತೊಡಗಿದಳು. ಆರು ವಾರ ಬಿಟ್ಟು ಆ ಶೆಡ್ಡಿಗೆ ಹೋದರೆ ಎರಡು ಥರದ ಸಾಕ್ಷಿ ಕಾದಿರುತ್ತದೆ. ತೂತಿರುವ ಹುಂಜಗಳು: ಇವು ಹೆಣ್ಣಿನ ಪೆಟ್ಟಿಗೆಗೆ ಸೊಸೆ ತುಂಬಿದ್ದವು. ತೂತಿಲ್ಲದ ಹೇಂಟೆಗಳು: ಇವು ಅಣ್ಣನಿಗೆಂದು ಸೊಸೆ ದಾಟಿಸಿ, ತನ್ನ ಕೈಗೆ ಸಿಗದೆ ಉಳಿದವು. ಬಾಯಿಬಿಟ್ಟು ಸಾಕ್ಷಿ ಹೇಳುವವರೇ ಬೇಡ.

ಒಂದು ಸಂಜೆ ಅವಳು ಹೀಗೆ ದೀಪದ ಕೆಳಗೆ ಬಗ್ಗಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಊಟದ ಡಬ್ಬಿ ಮರೆತು ಸೊಸೆ ವಾಪಸು ಬಂದಿದ್ದಳು. ಏಳನೇ ನಂಬರಿನ ಎರಡೂ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು.

"ಏನು ನೋಡ್ತಿದೀರ ಅತ್ತೆ?"

"ಒಂದು ಮರಿ ಸುಸ್ತಾದ ಹಾಗಿತ್ತು, ನೋಡ್ತಿದ್ದೆ. ನೀನು ಹೋಗು, ಬಸ್ಸು ತಪ್ಪುತ್ತೆ."

ಹುಡುಗಿ ಹೋದಳು. ಆದರೆ ಅಂದಿನಿಂದ ಅವಳ ನಡೆ ಬದಲಾಯಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. "ದಿನಾ ಯಾಕೆ ತಡ ಮಾಡ್ತೀರ? ನಾನೂ ನಿಲ್ತೀನಿ, ಇಬ್ಬರೂ ಕಟ್ಟೋಣ" ಎಂದು ಎರಡು ಸಲ ಕೇಳಿದಳು. ಕೆಲಸದ ನಡುವೆ ತಿರುಗಿ ತಿರುಗಿ ಅತ್ತೆಯ ಕಡೆ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಕುಂಬಳಕಾಯಿ ಅನ್ನುವ ಮೊದಲೇ ಇವಳು ಮುಟ್ಟಿ ನೋಡಿಕೊಳ್ಳುತ್ತಿದ್ದಾಳಲ್ಲ ಎಂದು ಹೆಬ್ಬೆರಳಮ್ಮ ಹಲ್ಲು ಕಚ್ಚಿದಳು.

ಏಳನೇ ವಾರ ದೂರು ಬಂತು. ಒಂದಲ್ಲ, ಮೂರು ಕಡೆಯಿಂದ. ಮೊಟ್ಟೆಗೆಂದು ಒಯ್ದ ಮರಿಗಳಲ್ಲಿ ನೂರಕ್ಕೆ ಹತ್ತು ಹನ್ನೆರಡು ಹುಂಜ. ಎಲ್ಲ ಏಳನೇ ನಂಬರಿನ ಪೆಟ್ಟಿಗೆಗಳು. ಐದು, ಆರು, ಎಂಟು ನಂಬರಿನವರದ್ದೂ ಅದೇ ರೆಕ್ಕೆ ಮೇಜು, ಅವರ ಮೇಲೆ ಒಂದು ದೂರಿಲ್ಲ.

ದಿನಾ ತಾನು ತಿದ್ದಿ ಕಳಿಸಿದ ಪೆಟ್ಟಿಗೆಗಳಲ್ಲಿ ಇಷ್ಟೊಂದು ಹುಂಜ ಹೇಗೆ ಉಳಿದವು ಎಂಬ ಪ್ರಶ್ನೆ ಅವಳ ಮುಂದೆ ಒಂದು ಗಳಿಗೆ ನಿಂತದ್ದು ನಿಜ. ಬೇರೆಯವರಾಗಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದರು. ಇವಳಿಗೆ ಉತ್ತರ ಸಿದ್ಧವಾಗಿತ್ತು: ಇಷ್ಟು ಹೆಕ್ಕಿ ತೆಗೆದ ಮೇಲೂ ಇಷ್ಟು ಉಳಿದಿವೆ ಅಂದಮೇಲೆ ಪಾಪಿ ಎಷ್ಟು ತುಂಬಿರಬೇಕು! ಬೆಳಿಗ್ಗೆ ವ್ಯಾನು ಬರುವ ಮೊದಲು ಬಂದು ಮತ್ತೆ ತುಂಬುತ್ತಿದ್ದಳೇನೋ.

ಅವಳು ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮ್ಯಾನೇಜರು ಸಣ್ಣ ಮೈಯ, ಜೋರು ಕೆಮ್ಮಿನ ಮನುಷ್ಯ. ಕೇಳುತ್ತ ಕೇಳುತ್ತ ಕೆಮ್ಮುವುದನ್ನೇ ಮರೆತರು.

"ಅಮ್ಮಾ, ಸ್ವಂತ ಸೊಸೆ ಮೇಲೆ ಹೇಳ್ತಿದೀರ. ಸರಿಯಾಗಿ ಯೋಚ್ನೆ ಮಾಡಿದೀರಾ?"

"ಸೊಸೆ ಆದ್ರೇನು, ಮಗಳಾದ್ರೇನು? ಉಂಡ ಮನೆಗೆ ಎರಡು ಬಗೆಯೋರನ್ನ ನಾನು ಸಹಿಸಲ್ಲ. ಶೆಡ್ಡಿಗೆ ಹೋಗಿ ನೋಡೋಣ. ನನ್ನ ಮಾತು ಸುಳ್ಳಾದ್ರೆ ಕೇಳಿ."

"ನಿಮ್ಮ ಹೆಬ್ಬೆರಳು ಸುಳ್ಳು ಹೇಳೋದನ್ನ ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಬಿಡಿ. ಅಲ್ಲಿ ಹೆಣ್ಣು ಸಿಕ್ರೆ ನಾಳೆಯಿಂದ ಅವಳು ಈ ಗೇಟು ದಾಟೋ ಹಾಗಿಲ್ಲ. ಬೇರೆ ಹ್ಯಾಚರಿಯವರಿಗೂ ಹೇಳ್ತೀನಿ."

ಮನೆಗೆ ಬಂದು ಮಗನಿಗೂ ಹೇಳಿದಳು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸು ಹತ್ತಿದ ಕೈಯನ್ನು ಒರೆಸಿದ ಕಡೆಯೇ ಮತ್ತೆ ಒರೆಸಿಕೊಂಡ.

"ಅಮ್ಮ, ಅವಳನ್ನೇ ಒಂದ್ಸಲ ಕೇಳ್ಬಾರ್ದಿತ್ತಾ?"

"ಕಳ್ಳರನ್ನ ಕೇಳಿ ಕಳ್ಳತನ ಹಿಡಿಯೋಕಾಗುತ್ತೇನೋ? ನಾಳೆ ನೀನೂ ಬಾ. ಕಣ್ಣಾರೆ ನೋಡು. ಆಮೇಲೆ ಅವಳನ್ನ ಈ ಮನೇಲಿ ಇಟ್ಕೋಬೇಕೋ ಬೇಡ್ವೋ ನೀನೇ ಹೇಳು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಸೊಸೆಗೆ ಕೇಳಿಸಿತು ಎಂದು ಇಬ್ಬರಿಗೂ ಗೊತ್ತಾಯಿತು. ಆ ರಾತ್ರಿ ಮಗ ಹೆಂಡತಿಯ ಹತ್ತಿರ ಏನು ಕೇಳಿದನೋ, ಅವಳು ಏನು ಹೇಳಿದಳೋ ಗೊತ್ತಿಲ್ಲ. ಬೆಳಿಗ್ಗೆ ಅವನ ಮುಖ ಊದಿಕೊಂಡಿತ್ತು, ಹೆಂಡತಿ ಕೊಟ್ಟ ಚಹಾ ಲೋಟ ಹಾಗೇ ತಣ್ಣಗಾಯಿತು.

ಮಧ್ಯಾಹ್ನ ಮೂರು ಗಂಟೆಗೆ ಹ್ಯಾಚರಿಯ ವ್ಯಾನು ಊರಾಚೆಯ ಶೆಡ್ಡಿನ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಮ್ಯಾನೇಜರು, ಹಿಂದೆ ಒಂದು ಕಿಟಕಿಗೆ ಹೆಬ್ಬೆರಳಮ್ಮ, ಇನ್ನೊಂದಕ್ಕೆ ಸೊಸೆ, ನಡುವೆ ಮಗ.

ಅಣ್ಣ ಗಾಬರಿಯಿಂದ ಓಡಿಬಂದ. ಕುರ್ಚಿ ಹಾಕಲು ಹೋದವನನ್ನು ಮ್ಯಾನೇಜರು ತಡೆದರು. "ಕೂರೋಕೆ ಬಂದಿಲ್ಲ. ಆರು ವಾರದ ಹಿಂದೆ ಒಯ್ದ ಮರಿಗಳನ್ನ ತೋರ್ಸಿ."

ಶೆಡ್ಡಿನ ಒಳಗೆ ಮರದ ಹೊಟ್ಟಿನ ಹಾಸು, ಸಾಲಾಗಿ ತೂಗುಬಿಟ್ಟ ಮೇವಿನ ಬುಟ್ಟಿಗಳು. ಸುಮಾರು ಇನ್ನೂರು ಕೋಳಿ. ಕೆಂಪು ಜುಟ್ಟಿನ ಹುಂಜಗಳು ಎದೆ ಉಬ್ಬಿಸಿಕೊಂಡು ಒಂದನ್ನೊಂದು ಅಟ್ಟಾಡಿಸುತ್ತಿದ್ದವು. ಅವುಗಳ ನಡುವೆ ಅಲ್ಲಲ್ಲಿ ಜುಟ್ಟೇ ಏಳದ, ಮೋರೆ ಬಿಳಿಚಿದ ಸಣ್ಣ ಮೈಯ ಕೋಳಿಗಳು ಗೋಡೆಯ ಬದಿಗೆ ಸರಿದು ಕಾಳು ಹೆಕ್ಕುತ್ತಿದ್ದವು. ಹೇಂಟೆಗಳು. ಅದನ್ನು ಹೇಳಲು ಹೆಬ್ಬೆರಳೂ ಬೇಡ, ರೆಕ್ಕೆಯೂ ಬೇಡ.

"ನೋಡಿ, ನೋಡಿ ಸಾರ್!" ಎಂದಳು ಹೆಬ್ಬೆರಳಮ್ಮ. ಅವಳ ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. "ನಾನು ಹೇಳ್ಲಿಲ್ವಾ?"

ಮ್ಯಾನೇಜರು ಅಣ್ಣನ ಕಡೆ ತಿರುಗಿದರು. "ಇಷ್ಟೊಂದು ಹೆಣ್ಣು ಬಂದಿದೆ. ಒಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾ?"

"ಜುಟ್ಟು ಏಳ್ದೇ ಇದ್ದಾಗ್ಲೇ ಗೊತ್ತಾಯ್ತು ಸಾರ್. ಹತ್ತಿಪ್ಪತ್ತು ಇವೆ. ನಾನು ತಂಗಿಗೆ ಹೇಳ್ದೆ. ಅವಳು..." ಎಂದವನು ತಂಗಿಯ ಮುಖ ನೋಡಿ ನಿಲ್ಲಿಸಿದ.

"ಅವಳು ಏನಂದ್ಳು?"

"ಸದ್ಯಕ್ಕೆ ಯಾರಿಗೂ ಹೇಳ್ಬೇಡ ಅಂದ್ಳು."

ಎಲ್ಲರೂ ಸೊಸೆಯನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು. ತಲೆ ತಗ್ಗಿಸಿ ನಿಂತವರನ್ನು ಲೋಕ ಕಳ್ಳರು ಅಂದುಬಿಡುತ್ತದೆ, ಅದಕ್ಕೆ ಬೇರೆ ಸಾಕ್ಷಿ ಬೇಡ. ಮಗ ಹೆಂಡತಿಯ ಪಕ್ಕದಲ್ಲಿ ನಿಂತಿದ್ದವನು ಒಂದು ಹೆಜ್ಜೆ ಆಚೆ ಸರಿದ.

"ಯಾಕ್ ಹೀಗ್ ಮಾಡ್ದೆ?" ಎಂದ ಅವನು.

"ಮುಗೀತು ಬಿಡಿ" ಎಂದರು ಮ್ಯಾನೇಜರು. "ನಾಳೆಯಿಂದ ನೀನು ಬರೋದು ಬೇಡಮ್ಮ. ನಿಮ್ಮತ್ತೆ ಮುಖ ನೋಡಿ ಪೊಲೀಸಿಗೆ ಹೇಳ್ತಿಲ್ಲ, ಅಷ್ಟೇ."

ಹೆಬ್ಬೆರಳಮ್ಮನ ಎದೆಯಲ್ಲಿ ಏಳು ವಾರದ ಕೆಂಡ ತಣ್ಣಗಾಯಿತು. ಗೆದ್ದವರಿಗೆ ಅಷ್ಟಕ್ಕೇ ನಿಲ್ಲಲು ಬರುವುದಿಲ್ಲವಲ್ಲ. ತೂತಿನ ಸಾಕ್ಷಿಯನ್ನೂ ತೋರಿಸಿ ಎಲ್ಲರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಮೊದಲು ಒಂದು ಹೇಂಟೆ. ಗೋಡೆಯ ಬದಿಯಿಂದ ಒಂದನ್ನು ಸಲೀಸಾಗಿ ಹಿಡಿದು ತಲೆಕೆಳಗು ಮಾಡಿದಳು. ಬಲಗಾಲಿನ ಬೆರಳು ಬಿಡಿಸಿದಳು.

ತೂತಿತ್ತು.

ತಪ್ಪಿ ಒಂದು ಬಂದಿರಬೇಕು ಎಂದುಕೊಂಡು ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ತೂತಿತ್ತು. ಮೂರನೆಯದು, ನಾಲ್ಕನೆಯದು. ಎಲ್ಲದರ ಬಲಗಾಲಿನಲ್ಲೂ ಅವಳದೇ ಇಕ್ಕಳದ ಅಚ್ಚುಕಟ್ಟಾದ ದುಂಡನೆಯ ತೂತು. ಒಂದು ಹುಂಜವನ್ನು ಅಟ್ಟಿಸಿ ಹಿಡಿದಳು. ಅದು ಕೈ ಪರಚಿತು. ಕಾಲು ಬಿಡಿಸಿದಳು, ತೂತಿಲ್ಲ. ಇನ್ನೊಂದು ಹುಂಜ, ತೂತಿಲ್ಲ. ಐದು ಹುಂಜ ಹಿಡಿದಳು. ಐದಕ್ಕೂ ಇಲ್ಲ.

ಗಂಡು ಎಂದು ಅವಳ ಹೆಬ್ಬೆರಳು ಹೇಳಿದ್ದೆಲ್ಲ ಹೇಂಟೆಯಾಗಿ ನಿಂತಿತ್ತು. ಸೊಸೆ ಗಂಡು ಎಂದು ಹಾಕಿದ್ದೆಲ್ಲ ಹುಂಜವೇ ಆಗಿತ್ತು. ಹೊಸ ತಳಿಯಲ್ಲಿ ಕೆಲವು ಹೆಣ್ಣು ಮರಿಗೂ ಒಳಗೆ ಆ ಗುಂಡು ಇರುತ್ತದೆ, ಕೆಲವು ಗಂಡಿಗೆ ಇರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಕಂಪನಿಯವನು ಅದನ್ನೇ ಹೇಳಿದ್ದನೋ ಏನೋ, ಅವಳು ಚಹಾ ಕುಡಿಯಲು ಹೋಗಿದ್ದಳು. ಸರಿಯಾಗಿದ್ದ ಪೆಟ್ಟಿಗೆಯನ್ನು ದಿನಾ ಸಂಜೆ ಕೂತು ಕೆಡಿಸಿದ್ದು ಅವಳು. ಮೂರು ಕಡೆಯ ದೂರು ಅವಳದು. ಶೆಡ್ಡಿನ ಹೇಂಟೆಗಳು ಅವಳವು. ಕಳ್ಳತನ ಮಾತ್ರ ಯಾರದೂ ಅಲ್ಲ.

"ಏನಮ್ಮಾ ಅಷ್ಟು ನೋಡ್ತಿದೀರ? ಸಾಕು ಬನ್ನಿ, ಹೊತ್ತಾಯ್ತು" ಎಂದರು ಮ್ಯಾನೇಜರು.

ತೂತಿನ ವಿಷಯ ಅವಳೊಬ್ಬಳಿಗೇ ಗೊತ್ತು. ಮ್ಯಾನೇಜರಿಗೂ ಹೇಳಿರಲಿಲ್ಲ, ಕೊನೆಯಲ್ಲಿ ತೋರಿಸಿ ಬೆರಗಾಗಿಸಬೇಕೆಂದು ಇಟ್ಟುಕೊಂಡಿದ್ದಳು. ಕೈಯಲ್ಲಿದ್ದ ಹುಂಜವನ್ನು ಬಿಟ್ಟು ಏಪ್ರನ್ನಿಗೆ ಕೈ ಒರೆಸಿಕೊಂಡು ವ್ಯಾನು ಹತ್ತಿದರೆ ಮುಗಿಯಿತು. ಹೆಬ್ಬೆರಳಮ್ಮ ಹೆಬ್ಬೆರಳಮ್ಮನಾಗಿಯೇ ಉಳಿಯುತ್ತಾಳೆ. ನಾಲ್ಕು ಹೆಜ್ಜೆ ಬಾಗಿಲ ಕಡೆಗೆ ಹಾಕಿಯೂ ಹಾಕಿದಳು. ಸುಳ್ಳು ಹೇಳಬೇಕಾದ್ದೇನೂ ಇಲ್ಲ, ಸುಮ್ಮನಿದ್ದರೆ ಸಾಕು. ಬಾಗಿಲ ಬಳಿ ಸೊಸೆ ನಿಂತಿದ್ದಳು. ಅವಳನ್ನು ದಾಟಿಯೇ ಹೋಗಬೇಕು. ಹತ್ತಿರದಿಂದ ನೋಡಿದಾಗ ಹುಡುಗಿಯ ಗಲ್ಲ ನಡುಗುತ್ತಿತ್ತು, ಅಳು ಬರದಂತೆ ಒಳಗಿನಿಂದ ಕಚ್ಚಿ ಹಿಡಿದಿದ್ದಳು. ಹೆಬ್ಬೆರಳಮ್ಮನಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಆಗದಷ್ಟು ನಾಚಿಕೆಯಾಯಿತು. ಕಾಲು ಮುಂದೆ ಹೋಗಲಿಲ್ಲ.

"ಸಾರ್, ನಿಲ್ಲಿ" ಎಂದಳು. "ತಪ್ಪು ನಂದು."

ಎಲ್ಲ ಹೇಳಿದಳು. ಸಂಜೆಯ ಕೆಲಸ, ಇಕ್ಕಳ, ತೂತು. ಹೇಂಟೆಯೊಂದನ್ನು ತಂದು ಕಾಲು ಬಿಡಿಸಿ ತೋರಿಸಿದಳು. ಮಗ ಬಗ್ಗಿ ನೋಡಿದ. ಅಣ್ಣ ತಾನೇ ನಾಲ್ಕಾರು ಕೋಳಿ ಹಿಡಿದು ನೋಡಿ, "ಹೌದು ಸಾರ್, ಎಲ್ಲದಕ್ಕೂ ಇದೆ" ಎಂದ. ಮ್ಯಾನೇಜರು ಕೆಮ್ಮಿದರು.

"ಅಂದ್ರೆ ಇವಳದ್ದೇನೂ ತಪ್ಪಿಲ್ಲ?"

"ಒಂದು ಮರಿದೂ ಇಲ್ಲ ಸಾರ್. ಇವಳು ಸರಿಯಾಗೇ ಹಾಕಿದ್ಳು. ಅವಳ ಕೆಲ್ಸ ತೆಗೀಬೇಡಿ, ತೆಗೆಯೋದಾದ್ರೆ ನಂದು ತೆಗೀರಿ."

"ಸರಿ. ನೀನು ನಾಳೆ ಬಾರಮ್ಮ" ಎಂದು ಮ್ಯಾನೇಜರು ಸೊಸೆಗೆ ಹೇಳಿದರು. ಹೆಬ್ಬೆರಳಮ್ಮನನ್ನು ಮಾತ್ರ ಮೇಲಿಂದ ಕೆಳಗೆ ಹೊಸಬಳನ್ನು ನೋಡಿದಂತೆ ನೋಡಿದರು. "ನಿಮ್ಮ ವಿಷ್ಯ ನಾಳೆ ಮಾತಾಡೋಣ."

ಹೆಬ್ಬೆರಳಮ್ಮ ಸೊಸೆಯ ಕಡೆ ತಿರುಗಿದಳು. ಕೈ ಹಿಡಿಯಲು ಹೋದವಳು, ತನ್ನ ಕೈ ಹೊಲಸಾಗಿದೆ ಎಂದು ಹಿಂದೆಗೆದುಕೊಂಡಳು.

"ನಿಮ್ಮಣ್ಣ ಹೇಳ್ದಾಗ್ಲೇ ಬಂದು ನನ್ನನ್ನ ಕೇಳ್ಬಾರ್ದಿತ್ತೇನೇ? ಯಾಕೆ ಮುಚ್ಚಿಟ್ಟೆ?"

ಸೊಸೆ ಮೊದಲ ಸಲ ತಲೆ ಎತ್ತಿದಳು.

"ಡಬ್ಬಿ ಮರೆತು ಬಂದ ದಿನ ನೋಡಿದ್ದೆ ಅತ್ತೆ. ನೀವು ಹೆಣ್ಣು ಪೆಟ್ಟಿಗೆಯಿಂದ ತೆಗೆದು ಗಂಡು ಪೆಟ್ಟಿಗೆಗೆ ಹಾಕ್ತಿದ್ರಿ. ಆಮೇಲೆ ಅಣ್ಣನ ಫೋನು ಬಂತು. ನನ್ನ ಹೆಸ್ರು ಕೆಡಿಸಿ ಕೆಲಸದಿಂದ ತೆಗೆಸೋಕೆ ನೀವು ಬೇಕಂತಲೇ ಮಾಡ್ತಿದೀರ ಅಂದ್ಕೊಂಡೆ. ಹೇಳಿದ್ರೆ ನಿಮ್ಮ ಇಪ್ಪತ್ತಾರು ವರ್ಷ ಮಣ್ಣಾಗುತ್ತೆ. ನಿಮ್ಮ ಮಗನಿಗೂ ಹೇಳ್ಲಿಲ್ಲ. ನಿನ್ನೆ ರಾತ್ರಿ ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

"ಅಯ್ಯೋ, ಬೇಕಂತ ಅಲ್ಲ ಕಣೇ! ನಂಗೆ ಗೊತ್ತಾಗ್ಲಿಲ್ಲ."

ಈ ಮಾತು ಅವಳ ಬಾಯಿಂದ ಹಿಂದೆ ಯಾವತ್ತೂ ಬಂದಿರಲಿಲ್ಲ. ಮ್ಯಾನೇಜರು ಮಗನ ಮುಖ ನೋಡಿದರು, ಮಗ ಮ್ಯಾನೇಜರ ಮುಖ ನೋಡಿದ. ಇಬ್ಬರ ಕಣ್ಣಲ್ಲೂ ಒಂದೇ ಸಂಶಯ ಇತ್ತು. ನೂರಕ್ಕೆ ಒಂದು ತಪ್ಪದವಳಿಗೆ ಗಂಡು ಯಾವುದು ಹೆಣ್ಣು ಯಾವುದು ಎಂದು ಏಳು ವಾರ ಗೊತ್ತಾಗಲಿಲ್ಲವಂತೆ!

"ಅಮ್ಮ" ಎಂದ ಮಗ ಮೆಲ್ಲಗೆ, "ನಿಂಗೆ ಗೊತ್ತಾಗ್ಲಿಲ್ವಾ? ನಿಂಗೆ?"

"ನಿನ್ನಾಣೆ ಕಣೋ. ನಂಗೆ ಬರಲ್ಲ. ಈ ತಳಿ ನೋಡೋಕೆ ನಂಗೆ ಬರೋದೇ ಇಲ್ಲ. ನಂಬ್ರೋ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹುಂಜವೊಂದು ಅವಳ ಕಾಲ ಬಳಿ ಬಂದು ಚಪ್ಪಲಿಯನ್ನು ಕುಕ್ಕಿ ಹೋಯಿತು. ಕೊನೆಗೆ ಮಾತಾಡಿದವಳು ಸೊಸೆಯೇ.

"ನಂಬಬೇಕು ಅಂತ ನಂಗೂ ಆಸೆ ಅತ್ತೆ" ಎಂದವಳು ವ್ಯಾನಿನ ಕಡೆಗೆ ನಡೆದಳು.